ನಾವೇ ಅಂಟಿಸಿದ ಹಿಡಿಕೆ

ಫೆಬ್ರವರಿ ೩, ಸೋಮವಾರ, ಬೆಳಿಗ್ಗೆ

ಹಾಲು ಉಕ್ಕಿತು. ಪುಸ್ತಕದಲ್ಲಿ ಮುಳುಗಿದ್ದೆ — ತಂಗಿಯ ಮಗಳು ಗುಬ್ಬಿಯ ಹಳೇ ಬಯಾಲಜಿ. ಏಳನೇ ಕ್ಲಾಸಿಗೇ ಓದು ನಿಂತ ನನಗೆ ಈಗ ಎಂಜೈಮ್ ಹುಚ್ಚು. ನನ್ನ ಮನೆಯಲ್ಲೇ ಇದ್ದು ಲ್ಯಾಬಿಗೆ ಹೋಗುವ ಅವಳೇ ತಂದು ಹಿಡಿಸಿದ್ದು.

ತಂಗಿಗೆ ಕಾಗದ ಬರೆದೆ: ಬ್ಯಾಕ್ಟೀರಿಯಾದೊಳಗೆ ಒಂದು ಎಂಜೈಮ್. ಒಂದು ಪುಟ್ಟ ಪ್ರೋಟೀನನ್ನು ತಿದ್ದುವುದೇ ಅದರ ಕೆಲಸ. ಅಷ್ಟೊಂದು ಪ್ರೋಟೀನಿನ ನಡುವೆ ತನ್ನದು ಯಾವುದೆಂದು ಹೇಗೆ ಗೊತ್ತು? ಆ ಪ್ರೋಟೀನಿನ ಮುಂದುಗಡೆ ಒಂದು ಎಳೆ ಇರುತ್ತದಂತೆ. ಅದನ್ನು ಹಿಡಿದುಕೊಂಡು ಹಿಂದಿನ ತುದಿ ತಿದ್ದುತ್ತದೆ. ಮಗುವಿನ ತೋಳು ಹಿಡಿದು ಕಾಲು ತೊಳೆದ ಹಾಗೆ. ಆದರೆ ನಿನ್ನ ಮಗಳ ಎಂಜೈಮ್, ಎಳೆ ಕತ್ತರಿಸಿದರೂ ತನ್ನ ಪ್ರೋಟೀನನ್ನು ಗುರುತಿಸುತ್ತದೆ ಕಣೇ! ಇದರ ಬಗ್ಗೆ ಅವಳು ಬರೆದ ಪೇಪರನ್ನು ವಿಜ್ಞಾನ ಪತ್ರಿಕೆಯವರು ಒಪ್ಪಿದ್ದಾರೆ. ಅಚ್ಚಾದರೆ ಅವಳ ಕೆಲಸ ಇನ್ನೆರಡು ವರ್ಷಕ್ಕೆ ಗಟ್ಟಿ.

ಫೆ. ೬, ಸಂಜೆ

ಗುಬ್ಬಿ ಚಪ್ಪಲಿಯನ್ನೂ ಬಿಡದೆ ಕುರ್ಚಿಗೆ ಬಿದ್ದಳು.

"ಏನಾಯ್ತೇ?"

"ಅದು ಪ್ರೋಟೀನನ್ನ ಗುರುತಿಸ್ತಾನೇ ಇರಲಿಲ್ಲ ದೊಡ್ಡಮ್ಮ. ಟ್ಯಾಗನ್ನ ಹಿಡ್ಕೊಂಡಿತ್ತು."

ಟ್ಯಾಗ್ ಎಂದರೆ ಇವರೇ ಪ್ರೋಟೀನಿಗೆ ಅಂಟಿಸುವ ಹಿಡಿಕೆ. ಬ್ಯಾಕ್ಟೀರಿಯಾ ಒಡೆದ ರಸದಿಂದ ಬೇಕಾದ್ದನ್ನು ಎಳೆದುಕೊಳ್ಳಲು. ಕುತೂಹಲಕ್ಕೆ ಅದನ್ನೂ ಕತ್ತರಿಸಿ ನೋಡಿದ್ದಾಳೆ — ಎಂಜೈಮ್ ಪ್ರೋಟೀನಿನ ಕಡೆ ತಲೆ ಹಾಕಲಿಲ್ಲ. ಅಂದರೆ ಪೇಪರಿನಲ್ಲಿ ಬರೆದದ್ದೇ ತಪ್ಪು.

"ಇನ್ನೊಂದ್ಸಲ ಮಾಡಿ ನೋಡು."

"ಸೋಮವಾರದಿಂದ ಮತ್ತೇನು ಮಾಡ್ತಿದೀನಿ?"

ಫೆ. ೭

ಕೂತಲ್ಲಿ ಕೂರಲಾಗುತ್ತಿಲ್ಲ. ತೊಳೆದ ಪಾತ್ರೆ ಮತ್ತೆ ತೊಳೆದೆ. ಕಾಗದ ಆಗಲೇ ತಂಗಿಗೆ ತಲುಪಿದೆ, ಡಂಗುರ ಸಾರಿಯೂ ಆಗಿರುತ್ತದೆ… ಲ್ಯಾಬಿನ ಸರ್ ಬರುವುದು ಸೋಮವಾರ; ಅವರಿಗೆ ಎಲ್ಲ ಹೇಳಿಬಿಡುತ್ತಾಳಂತೆ.

ತಡೆಯದೆ ಅಂದುಬಿಟ್ಟೆ — "ಅಚ್ಚಾಗಲಿ ಬಿಡು. ಕೆಲಸ ಕೈಗೆ ಬರಲಿ. ಆಮೇಲೆ ತಿದ್ದಿದರಾಯ್ತು."

"ಆಹಾ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ! ಸುದ್ದಿ ಕೇಳಿ ಬೇರೆ ಲ್ಯಾಬಿನ ಹುಡುಗಿ ಮೇಲ್ ಮಾಡಿದಾಳೆ. ನನ್ನ ಪ್ರೋಟೀನ್ ಬೇಕಂತೆ, ಅದರ ಮೇಲೇ ಥೀಸಿಸ್ ಅಂತೆ. ಅವಳಿಗೇನು ಕಳಿಸ್ಲಿ ದೊಡ್ಡಮ್ಮ, ಹಿಡಿಕೆನಾ?"

ಎದ್ದು ಅಡುಗೆಮನೆಗೆ ಹೋದೆ. ಕೆಲಸ ಹೋದರೆ ಇವಳು ಮತ್ತೆ ಯಾವ ಊರಿಗೋ, ಯಾರ ಕೈಕೆಳಗೋ…

ಫೆ. ೧೦, ಬೆಳಿಗ್ಗೆ

ಹೋದಳು. ತಿಂಡಿ ಮುಟ್ಟಲಿಲ್ಲ.

"ಸರ್ ಬೈದರೆ?"

"ಬೈಸ್ಕೊಂಡು ಬರ್ತೀನಿ. ಅದಕ್ಕೇನು ಟ್ಯಾಗ್ ಬೇಕಾ?"

ನಕ್ಕಳು. ನನಗೆ ನಗು ಬರಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಗೇಟಿಗೂ ಬಾಗಿಲಿಗೂ ತಿರುಗುತ್ತಿದ್ದೇನೆ.

ಅದೇ ದಿನ, ಮಧ್ಯಾಹ್ನ

ಬಂದಳು.

"ಹೇಳಿದ್ಯಾ?"

"ಹೇಳ್ದೆ. ತುಂಬಾ ಹೊತ್ತು ಡೇಟಾ ನೋಡಿದ್ರು. ನನ್ನ ಎದುರಿಗೇ ಪತ್ರಿಕೆಯವರಿಗೆ ಮೇಲ್ ಹಾಕಿದ್ರು, ಅಚ್ಚು ಮಾಡಬೇಡಿ ಅಂತ. ಆ ಹುಡುಗಿಗೂ ಬರೆದಾಯ್ತು."

"ನಿನ್ನ ಕೆಲಸ?"

"ಅವರು ಆ ಮಾತು ಎತ್ತಲಿಲ್ಲ. ನಾನು ಕೇಳಲಿಲ್ಲ."

ಎರಡು ತುತ್ತು ತಿಂದು ಮಲಗಿದಳು. ಎಷ್ಟು ದಿನದ ನಿದ್ದೆಯೋ. ಗೊರಕೆ ಬೇರೆ.

ಅವಳ ಫೋನ್ ಗುಂಯ್‌ಗುಡುತ್ತಿದೆ. ಪರದೆಯ ಮೇಲೆ "ಸರ್". ನಾನೇ ಎತ್ತಿ ಬೇಡಿಕೊಳ್ಳಲೇ? ಹುಡುಗಿ ಒಳ್ಳೆಯವಳು, ಕೈ ಬಿಡಬೇಡಿ ಅಂತ… ಛೆ. ಒಬ್ಬಳೇ ಹೋಗಿ ಹೇಳಿ ಬಂದವಳು. ಇದನ್ನೂ ಅವಳೇ ಕೇಳಲಿ. ರಿಂಗ್ ನಿಂತುಹೋಗುವುದರೊಳಗೆ ಎಬ್ಬಿಸಬೇಕು. ಏಳೇ ಗುಬ್ಬಿ, ಏಳು —