ನಾಲ್ಕನೇ ಪುಟದ ಕುರ್ಚಿ

ಮೊಂಬಾಸಾ, ಶುಕ್ರವಾರ

ಮಾನ್ಯ ಪ್ರಾಧ್ಯಾಪಕ ಅಚೋಲಾ ಅವರಿಗೆ,

ಹೋಟೆಲ್ ನಿರ್ವಹಣೆಯ ಸ್ನಾತಕೋತ್ತರ ತರಗತಿಯ ಕಸೀವಾ ಬರೆಯುತ್ತಿದ್ದೇನೆ. ಡಯಾನಿಯ ಹೋಟೆಲಿನಲ್ಲಿ ಅಲ್ಲಿನ ಸೇವೆ ಪರೀಕ್ಷಿಸುವ ಗುಟ್ಟಿನ ಅತಿಥಿಯಾಗಿ ಎರಡು ದಿನ ಉಳಿದು ನಾನು ನಿಮಗೆ ಒಪ್ಪಿಸಿದ ವರದಿಯನ್ನು ದಯವಿಟ್ಟು ಸೋಮವಾರ ಅಲ್ಲಿಗೆ ಕಳುಹಿಸಬೇಡಿ.

ಅದರ ನಾಲ್ಕನೇ ಪುಟದಲ್ಲಿ ಕೋಣೆಗಳನ್ನು ಶುಚಿ ಮಾಡುವ ಮ್ವಾನಾಸಿತಿ ಅಮ್ಮನ ಹೆಸರಿದೆ. ಬೆಳಗಿನಿಂದ ಹದಿನಾಲ್ಕು ಕೋಣೆ ಮುಗಿಸಿ ನನ್ನ ಕೋಣೆಗೆ ಬಂದಿದ್ದ ಅವರನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ಚಹಾ ಕೊಟ್ಟೆ. ಹತ್ತು ನಿಮಿಷ ಕುಳಿತರು. ಅಲ್ಲಿ ಕೆಲಸದವರಿಗೆ ಕೂರಲು ಒಂದು ಸ್ಟೂಲೂ ಇಲ್ಲವೆಂದು ತೋರಿಸಲು ಅದನ್ನು ಬರೆದೆ. ಅನ್ಯಾಯವನ್ನು ಹೆಸರು, ಹೊತ್ತು ಸಮೇತ ದಾಖಲಿಸಬೇಕೆಂದು ನಾನು ಓದಿದ ಕಾರ್ಮಿಕ ಸಂಘದ ಕರಪತ್ರಗಳು ಕಲಿಸಿದ್ದವು.

ಇಂದು ಸಹಪಾಠಿ ಮುಟುವಾ ನನ್ನ ಪ್ರತಿ ಓದಿ ನಕ್ಕ. "ಏನಮ್ಮ ಕ್ರಾಂತಿಕಾರಿ, ಅತಿಥಿಯ ಕುರ್ಚೀಲಿ ಕೂತೋರನ್ನ ಅವತ್ತೇ ಮನೆಗೆ ಕಳಿಸ್ತಾರೆ. ಸಾಕ್ಷಿ ನೀನೇ ಬರ್ಕೊಟ್ಟಿದೀಯಲ್ಲ" ಎಂದ. ಕೂಡಲೇ ನಿಮ್ಮ ಕೋಣೆಗೆ ಓಡಿ ಬಂದೆ; ನೀವು ಸಿಗದ ಕಾರಣ ಇದನ್ನು ಬಾಗಿಲಡಿ ತೂರಿಸುತ್ತಿದ್ದೇನೆ.

ನನ್ನನ್ನು ಫೇಲು ಮಾಡಿ, ಬೇಸರವಿಲ್ಲ. ಆ ಪುಟವೊಂದನ್ನು ಹರಿದುಹಾಕಿ.

ಆ ದಿನ ಕೂರುವ ಮೊದಲು ಮ್ವಾನಾಸಿತಿ ಅಮ್ಮ ಬಾಗಿಲತ್ತ ನೋಡಿ ಕೇಳಿದ್ದರು: "ನಮ್ಮನ್ನ ಪರೀಕ್ಷೆ ಮಾಡೋಕೆ ಬಂದೋಳಲ್ಲ ತಾನೇ, ಮಗಳೇ?" ಗುಟ್ಟಿನ ಅತಿಥಿ ತನ್ನ ಗುರುತು ಬಿಟ್ಟುಕೊಡಬಾರದೆಂದು ನೀವು ಪಾಠ ಮಾಡಿದ್ದಿರಿ.

"ಅಯ್ಯೋ, ಅಲ್ಲಮ್ಮ. ನೀವು ಆರಾಮಾಗಿ ಕೂತ್ಕೊಳ್ಳಿ" ಎಂದೆ.

ನಿಮ್ಮ ಕೋಣೆಯ ಬಾಗಿಲ ಹೊರಗೆ ಕಾಯುತ್ತಿರುವ,
ಕಸೀವಾ