ಕಪ್ಪೆಗೆ ಬಂದ ಬಾಲ

ಮಾರ್ಚ್ 4, ಬೆಳಿಗ್ಗೆ

ನೀರು ತಣ್ಣಗೆ, ಕೋಚ್ ಸರ್ ಬಿಸಿ. ಎಂದಿನಂತೆ.

ಬ್ರೆಸ್ಟ್‌ಸ್ಟ್ರೋಕ್ ಎಂದರೆ ಕಪ್ಪೆ ಈಜು. ಅದರಲ್ಲಿ ನಾನು ಹಿರಿಗಪ್ಪೆ. ಎರಡು ಒಲಿಂಪಿಕ್ಸ್ ಆಗಿದೆ. ಹೋದ ಪುಟ್ಟಿ, ಬಂದ ಪುಟ್ಟಿ — ಎರಡು ಸಲವೂ ಮೊದಲ ಸುತ್ತಿನಲ್ಲೇ ಮಂಗಳಾರತಿ. ತಿರುಗುವಾಗ ಕೊಳದ ಗೋಡೆಯನ್ನು ಎರಡು ಕೈಯಲ್ಲೂ ಒಟ್ಟಿಗೆ ಮುಟ್ಟಬೇಕು, ಇಲ್ಲವಾದರೆ ಔಟ್. ಅಭ್ಯಾಸಬಲ... ಮನೆಬಾಗಿಲನ್ನೂ ಹಾಗೇ ತಳ್ಳುತ್ತೇನೆ.

"ಪಾಪ, ಬಾಗ್ಲು ನಿಂಗೇನು ಮಾಡಿತ್ತೇ?" — ಅಮ್ಮ.

ಪಕ್ಕದ ಲೇನಿನಲ್ಲಿ ಮರಿಗಪ್ಪೆ. ಹತ್ತೊಂಬತ್ತರ ಹುಡುಗಿ, ಬಾಯಿತುಂಬ ಅಕ್ಕಾ ಅಕ್ಕಾ. ಶನಿವಾರ ಆಯ್ಕೆ. ಇರುವುದು ಒಂದೇ ಜಾಗ. ಈ ಸಲ ತಪ್ಪಿದರೆ ನನಗೆ ಇನ್ನು ಬಚ್ಚಲುಮನೆಯೇ ಒಲಿಂಪಿಕ್ಸ್.

ಮಾರ್ಚ್ 9

ಗೆದ್ದೆ. ಕೂದಲೆಳೆಯಷ್ಟರಲ್ಲಿ.

ಗೋಡೆ ಒದ್ದು ಹೊರಟ ಮೇಲೆ ನೀರಿನಡಿ ಒಂದೇ ಡಾಲ್ಫಿನ್ ಕಿಕ್ ಹೊಡೆಯಬಹುದು — ಕಾಲು ಜೋಡಿಸಿ, ಬಾಲ ಬಡಿದಂತೆ. ಮರಿಗಪ್ಪೆ ಮುಂದಿದ್ದಳು. ಎರಡು ಬಡಿದೆ. ಕಾಲು ತಾನಾಗಿ ಬಡಿಯಿತು ಎಂದು ಬರೆಯಲು ಹೊರಟಿದ್ದೆ. ಬೇಡ. ಡೈರಿಗೂ ಸುಳ್ಳು ಯಾಕೆ?

ಮೇಲೆ ಬಗ್ಗಿ ನಿಂತಿದ್ದ ಜಡ್ಜ್ ತಪ್ಪು ಎಂದು ಕೈ ಎತ್ತಲಿಲ್ಲ. ನೊರೆ ಕಾಪಾಡಿತು. ಅಮ್ಮ ಬೀದಿಗೆಲ್ಲ ಸಿಹಿ ಹಂಚಿದಳು. ನನ್ನ ಪಾಲು ಇನ್ನೂ ಡಬ್ಬಿಯಲ್ಲೇ ಇದೆ.

ಮಾರ್ಚ್ 11

ಮರಿಗಪ್ಪೆ ಅಳುತ್ತಾಳೆ ಎಂದುಕೊಂಡಿದ್ದೆ. ಕಣ್ಣರಳಿಸಿಕೊಂಡು ಬಂದಳು.

"ಅಕ್ಕಾ, ಟರ್ನ್ ಆದ್ಮೇಲೆ ಬಾಣದ ಥರ ಹೋಗ್ಬಿಟ್ರಲ್ಲ! ನಂಗೂ ಹೇಳ್ಕೊಡಿ, ಪ್ಲೀಸ್."

ಹೇಳಿಕೊಟ್ಟೆ! ಮಹಾಗುರುಗಳಂತೆ, ಕತ್ತು ಹೀಗೆ, ಭುಜ ಹಾಗೆ, ಉಸಿರು ಇಷ್ಟು. ಎಲ್ಲ ಹೇಳಿದೆ, ಬಾಲವೊಂದನ್ನು ಬಿಟ್ಟು.

ಮಾರ್ಚ್ 18

ಇಷ್ಟು ದಿನ ಬರೆಯಲಿಲ್ಲ. ಕನ್ನಡಿಯನ್ನೂ ಸರಿಯಾಗಿ ನೋಡಿಲ್ಲ.

ಹುಡುಗಿ ಆ ಗೋಡೆಯನ್ನು ಒದ್ದು ಒದ್ದು ಮೊಣಕಾಲು ಊದಿಸಿಕೊಂಡಿದ್ದಾಳೆ. ಐಸ್ ಕಟ್ಟಿಕೊಂಡು ಕೂತಿದ್ದಳು.

"ನನ್ ಕಾಲೇ ದಂಡ, ಅಕ್ಕ. ಎಷ್ಟು ಒದ್ರೂ ನಿಮ್ ಥರ ಬರ್ತಿಲ್ಲ."

"ಅವಳದು ತಪಸ್ಸು ಕಣಮ್ಮ! ಸುಮ್ನೆ ಬರುತ್ತಾ?" — ಕೋಚ್ ಸರ್.

ತಪಸ್ಸಂತೆ. ಕೊಕ್ಕರೆಯೂ ಒಂಟಿಕಾಲಲ್ಲಿ ನಿಂತು ಮಾಡುತ್ತದೆ.

ನಾಳೆ ಸಂಜೆ ಒಲಿಂಪಿಕ್ಸ್‌ಗೆ ನನ್ನ ಹೆಸರು ಕಳಿಸುತ್ತಾರೆ.

ಮಾರ್ಚ್ 19, ಮಧ್ಯಾಹ್ನ

ಕೊಳದ ಪಕ್ಕದ ಬೆಂಚು. ಕೂದಲಿಂದ ಹಾಳೆಯ ಮೇಲೆ ನೀರು ತೊಟ್ಟಿಕ್ಕುತ್ತಿದೆ.

ಗಾಗಲ್ಸ್ ಹಾಕ್ಕೊಂಡು ನೀರಲ್ಲಿ ಮುಳುಗಿ ನೋಡು ಎಂದೆ ಮರಿಗಪ್ಪೆಗೆ. ಅವತ್ತಿನ ಹಾಗೇ ತಿರುಗಿದೆ. ಅವತ್ತಿನ ಹಾಗೇ ಬಡಿದೆ. ತಲೆ ಎತ್ತಿದರೆ ನಗುತ್ತಿದ್ದಾಳೆ.

"ಅಯ್ಯೋ ಅಕ್ಕ, ಎರಡು ಹೊಡೆದ್ರಿ! ಇನ್ನೊಂದ್ಸಲ ಸರಿಯಾಗಿ ತೋರ್ಸಿ."

"ಸರಿಯಾಗೇ ತೋರಿಸಿದೀನಿ. ಅವತ್ತೂ ಹೀಗೇ."

ನಗು ತುಟಿಯ ಮೇಲೆ ಉಳಿಯಿತು. ಕಣ್ಣಲ್ಲಿ ಇರಲಿಲ್ಲ.

"ಇಷ್ಟು ದಿನ ಸುಮ್ಸುಮ್ನೆ ನನ್ ಕಾಲಿಗೆ ಬೈದೆನಲ್ಲ, ಅಕ್ಕ..."

ಅಷ್ಟೇ. ಕುಂಟುತ್ತ ಹೋದಳು. ಅವಳು ಯಾರಿಗೂ ಹೇಳುವವಳಲ್ಲ. ಅದೇ ಕಷ್ಟ. ಚಾಡಿ ಹೇಳುವ ಜಾತಿಯಾಗಿದ್ದರೆ ನಾನು ಆರಾಮಾಗಿ ಸಿಕ್ಕಿಬೀಳಬಹುದಿತ್ತು.

ಕೋಚ್ ಸರ್ ಕೋಣೆಯಲ್ಲಿದ್ದಾರೆ. ಹೆಸರು ಇನ್ನೂ ಹೋಗಿಲ್ಲ, ಹೇಳಲು ಹೊತ್ತಿದೆ. ಬಾಗಿಲು ಮುಚ್ಚಿದೆ. ಎದ್ದೆ. ಎರಡು ಕೈಯಲ್ಲೂ, ಒಟ್ಟಿಗೆ —