ಆರನೆಯ ಬಿಲ್ಲೆ

ಮಾರ್ಚ್ ೧೧, ಬುಧವಾರ

ಆರನೆಯ ಬಿಲ್ಲೆ ಸುಮ್ಮನಿರಬೇಕಿತ್ತು. ಹಾಳಾದ್ದು, ಯಾಕೆ ಸುಮ್ಮನಿರಲಿಲ್ಲ?

ಲ್ಯಾಬಿನ ಆರು ಪಿಂಗಾಣಿ ಬಿಲ್ಲೆಗಳಿಗೂ ಹಚ್ಚಿದ್ದು ಒಂದೇ ಪೇಸ್ಟ್. ಜಾಲರಿಯ ಮೇಲೆ ಎಳೆದು ಬಿಲ್ಲೆಗೆ ಅಚ್ಚೊತ್ತಿದ್ದು ನಾನೇ, ಫರ್ನೇಸಿನಲ್ಲಿ ಸುಟ್ಟಿದ್ದೂ ನಾನೇ. ಐದನ್ನು ಬಿಸಿ ಎಣ್ಣೆಯಲ್ಲಿಟ್ಟು ಹೈ ವೋಲ್ಟೇಜ್ ಕೊಟ್ಟೆ. ಹಾಗೆ ಕೊಟ್ಟರೆ ಮಾತ್ರ ಒತ್ತಿದಾಗ ಅವು ಕರೆಂಟ್ ಹುಟ್ಟಿಸುವುದು. ಹೋಲಿಸಲು ಒಂದಿರಲಿ ಎಂದು ಆರನೆಯದಕ್ಕೆ ಬೇಕೆಂದೇ ಕೊಡಲಿಲ್ಲ. ಇವತ್ತು ಒತ್ತಿ ನೋಡಿದರೆ ಕರೆಂಟ್ ಅಳೆಯುವ ಯಂತ್ರದ ಪರದೆಯ ಮೇಲಿನ ಗೆರೆ ಆರಕ್ಕೂ ಒಂದೇ ಎತ್ತರಕ್ಕೆ ಜಿಗಿಯಿತು.

ಲ್ಯಾಬ್ ನಡೆಸುವ ಮೇಡಂಗೆ ಖುಷಿಯೋ ಖುಷಿ. “ಆರಕ್ಕೆ ಆರೂ ಬಂದಿವೆಯಲ್ಲ! ನಾಳೆ ರಿಪೋರ್ಟ್ ಕಳಿಸಿಬಿಡೋಣ” ಅಂದರು. ಆರನೆಯದಕ್ಕೆ ವೋಲ್ಟೇಜೇ ಕೊಟ್ಟಿಲ್ಲ ಎಂದು ಅವರಿಗೆ ಹೇಳದೆ, ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಎಣ್ಣೆ ಒರೆಸುವಾಗ ಅದಲುಬದಲಾಯಿತೇ? ಇಲ್ಲ, ಅಂಚು ಚಕ್ಕೆ ಎದ್ದದ್ದು ಅದೊಂದೇ, ಗುರುತು ತಪ್ಪುವಂತಿಲ್ಲ.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದೆ. “ಎಲ್ಲಾ ಕೆಲಸ ಮಾಡ್ತಿವೆ ಅಂತ ಮುಖ ಊದಿಸ್ಕೊಂಡು ಕೂತವಳನ್ನ ಇವತ್ತೇ ನೋಡಿದ್ದು ಕಣೇ” ಎಂದು ನಕ್ಕಳು. ನಾನೂ ನಕ್ಕೆ. ಇನ್ನೊಂದನ್ನು ಅವಳಿಗೂ ಹೇಳಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ, ಪೇಸ್ಟೇ ಹಚ್ಚದ ಬರೀ ಬಿಲ್ಲೆಯೊಂದಕ್ಕೆ ತಂತಿ ಸಿಕ್ಕಿಸಿ ಒತ್ತಿದ್ದೆ. ಗೆರೆ ಜಿಗಿಯಿತು, ಅದೇ ಎತ್ತರಕ್ಕೆ.

ತಂತಿ ಅಲುಗಿದ್ದೋ, ಯಂತ್ರವೇ ಕೆಟ್ಟಿದೆಯೋ? ಕೆಟ್ಟಿದ್ದರೆ ಯಾವತ್ತಿನಿಂದ? ಮೂರು ತಿಂಗಳಿಂದ ನಾನು ಬರೆದಿಟ್ಟ ಅಂಕಿಗಳೆಲ್ಲ ಹಾಗಾದರೆ ಯಾವುದರವು?

ಬೆಳಿಗ್ಗೆ ಮೇಡಂ ಬರುವ ಮೊದಲೇ ಹೋಗಿ ಇನ್ನೊಂದು ಸಲ ಒತ್ತಿ ನೋಡಬೇಕು. ಈ ಸಲ ಬಿಲ್ಲೆಯನ್ನೇ ಇಡದೆ. ಆಗಲೂ ಗೆರೆ ಜಿಗಿದರೆ, ಯಂತ್ರವೇ ಕೆಟ್ಟಿದೆ, ರಿಪೋರ್ಟ್ ಕಳಿಸಬೇಡಿ ಎಂದು ಮೇಡಂಗೆ ಹೇಳಲೇಬೇಕು.